ಖಾಲಿ ಬರುವ ವಿಮಾನ

ಕಾಲೇಜಿನ ಗೇಟಿಗೆ ಎದುರಾಗಿದ್ದ ಆ ವಿಮಾನ ಟಿಕೆಟ್ ಅಂಗಡಿಯಲ್ಲಿ ವರ್ಷಕ್ಕೆ ಎರಡು ಸಲವಾದರೂ ಹೊಡೆದಾಟ ಆಗುತ್ತಿತ್ತು. ಪರೀಕ್ಷೆ ಮುಗಿಯುವ ವಾರ, ಊರಿಗೆ ಹೋಗುವ ವಿಮಾನಗಳಲ್ಲಿ ಸೀಟು ತುಂಬತೊಡಗಿದಾಗ. ಆ ಸಲದ್ದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೇ ಆಯಿತು. ಅಗ್ಗದ ದರದ ಸೀಟು ಇನ್ನು ಒಂದೇ ಉಳಿದಿದೆ ಎಂದು ಟಿಕೆಟ್ ಅಕ್ಕ ಹೇಳಿದ್ದೇ ತಡ, ಸಾಲಿನಲ್ಲಿ ಎರಡನೆಯವನು ಮೊದಲನೆಯವನ ಕಾಲರು ಹಿಡಿದು ಎಳೆದ. ಮೊದಲನೆಯವನ ಹಣೆ ಗೋಡೆಗೆ ಬಡಿಯಿತು. ಅವನು ತಿರುಗಿ ಮೊಣಕೈಯಿಂದ ಇವನ ಮೂಗಿಗೆ ಕೊಟ್ಟ. ನೆಲದ ಮೇಲೆ ರಕ್ತ ತೊಟ್ಟಿಕ್ಕಿತು. ಹಿಂದಿದ್ದವರು ಬಿಡಿಸುವುದನ್ನು ಬಿಟ್ಟು ಸಾಲಿನಲ್ಲಿ ಎರಡು ಹೆಜ್ಜೆ ಮುಂದೆ ಬಂದರು.

ಟಿಕೆಟ್ ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. ಷಟರ್ ಎಳೆಯುವ ಕಬ್ಬಿಣದ ಕೋಲನ್ನು ಮೇಜಿನ ಮೇಲೆ ಒಮ್ಮೆ ಬಡಿದಳು.

"ಆ ಸೀಟು ಮೂರನೆಯವನಿಗೆ. ನೀವಿಬ್ಬರೂ ಹೋಗಿ ಮುಖ ತೊಳ್ಕೊಂಡು ಬನ್ನಿ. ಬೇರೆ ದಾರಿ ನೋಡ್ತೀನಿ."

ಅವಳಿಗೆ ನಲವತ್ತೆಂಟು ವರ್ಷ. ಹಿಂದೆ ಮುಂದೆ ಯಾರೂ ಇಲ್ಲ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ. ಈಗ ದರ ನೋಡಲು ಎಲ್ಲರ ಕೈಯಲ್ಲೂ ಫೋನಿದ್ದರೂ ಹುಡುಗರು ಅವಳ ಹತ್ತಿರವೇ ಬರುತ್ತಿದ್ದರು. "ಫೋನು ದರ ತೋರಿಸುತ್ತೆ, ದಾರಿ ತೋರಿಸಲ್ಲ" ಎಂಬುದು ಅವಳ ಮಾತು. ಶುಕ್ರವಾರ ಸಂಜೆಗೆ ಬದಲು ಮಂಗಳವಾರ ನಸುಕಿಗೆ ಹೊರಡಿಸುವುದು, ಒಂದೇ ಟಿಕೆಟ್ಟನ್ನು ಎರಡು ತುಂಡು ಮಾಡಿ ಕೊಳ್ಳುವುದು, ಪಕ್ಕದ ಊರಿನಲ್ಲಿ ಇಳಿಸಿ ಅಲ್ಲಿಂದ ಬಸ್ಸು ಹಿಡಿಸುವುದು, ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಅರ್ಧ ದಿನ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಮಲಗಬೇಕಾದೀತು, ಆದರೆ ರಜೆಗೆ ಮನೆ ಸೇರುವುದು ಗ್ಯಾರಂಟಿ.

ಮಧ್ಯಾಹ್ನ ಸಾಲು ಕರಗಿದ ಮೇಲೆ ಮೆಣಸು ಬಂದಳು. ಎರಡನೆಯ ವರ್ಷದ ಹುಡುಗಿ. ಆಳು ಸಣ್ಣ, ಮಾತು ಖಾರ, ಅದಕ್ಕೇ ಹಾಸ್ಟೆಲಿನಲ್ಲಿ ಆ ಹೆಸರು. ಅವಳ ಎಡಗೈಯ ಉಂಗುರದ ಬೆರಳು ನಡುವಿನಿಂದ ಸೊಟ್ಟಗಾಗಿತ್ತು.

"ಅಕ್ಕ, ಈ ಸಲಾನೂ ಟಿಕೆಟ್ ಸಿಗ್ಲಿಲ್ಲ ಅಂತ ನೀವು ಹೇಳ್ಬೇಕು. ಅಣ್ಣ ಫೋನ್ ಮಾಡ್ತಾನೆ."

"ಹೋದ ಸಲಾನೂ ಅದೇ ಹೇಳಿದ್ದೆ. ನಂಬಿದ್ನಾ?"

"ಆಗ ನಂಬಿದ. ಈ ಸಲ ಗೊತ್ತಿಲ್ಲ. ಅಮ್ಮನ ಬಲಗೈ ಮುರಿದಿದೆ. ಅಡುಗೆ, ಬಟ್ಟೆ, ಯಾವುದೂ ಆಗ್ತಿಲ್ಲ. ನಾನು ಬಂದು ಮಾಡ್ಬೇಕಂತೆ. ಆಮೇಲೆ ಕಾಲೇಜೂ ಬೇಡವಂತೆ."

"ಕೈ ಹೇಗೆ ಮುರೀತು?"

ಮೆಣಸು ಸೊಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. ಟಿಕೆಟ್ ಅಕ್ಕ ಮತ್ತೆ ಕೇಳಲಿಲ್ಲ. ಆ ಬೆರಳಿನ ಕತೆ ಅವಳಿಗೆ ಗೊತ್ತಿತ್ತು. ಮೊದಲ ವರ್ಷದ ರಜೆಗೆ ಈ ಹುಡುಗಿಯನ್ನು ಊರಿಗೆ ಕಳಿಸಿದ್ದು ಅವಳೇ. ಬಸ್ಸಿಗಿಂತ ಕಮ್ಮಿ ದರದ ಸೀಟು ಹುಡುಕಿ, "ಇಂಥ ಟಿಕೆಟ್ ನನ್ನ ಸರ್ವಿಸ್‌ನಲ್ಲೇ ಮಾರಿಲ್ಲ ನೋಡು" ಎಂದು ಬೀಗಿದ್ದಳು. ಹುಡುಗಿ ಬೇಡ ಎನ್ನಲು ಬಾಯಿ ತೆರೆದು ಸುಮ್ಮನಾಗಿದ್ದನ್ನು ಆಗ ಗಮನಿಸಿರಲಿಲ್ಲ. ಮನೆಗೆ ಹೋದ ನಾಲ್ಕನೆಯ ದಿನ, ಊಟದ ಹೊತ್ತಿನಲ್ಲಿ ತಂಗಿಯ ಫೋನು ಗುಣುಗುಟ್ಟಿತೆಂದು ಅಣ್ಣ ಅವಳ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ್ದ. ನಿಧಾನವಾಗಿ ಹಾಕಿದ್ದ. ಅಂದಿನಿಂದ ಅವಳಿಗಾಗಿ 'ಟಿಕೆಟ್ ಇಲ್ಲ' ಎಂಬ ಸುಳ್ಳನ್ನು ಟಿಕೆಟ್ ಅಕ್ಕನೇ ಹೇಳುತ್ತ ಬಂದಿದ್ದಳು.

"ಅಮ್ಮನ್ನ ಅಲ್ಲಿಂದ ಕರ್ಕೊಂಡು ಬಂದುಬಿಡೋಕಾಗಲ್ವಾ?"

"ಹೇಗಕ್ಕ? ಅವನ ಟೈರ್ ಅಂಗಡಿ ಮನೆ ಮುಂದೇನೇ. ದಿನಕ್ಕೆ ಹತ್ತು ಸಲ ಬಂದು ನೋಡ್ತಾನೆ. ಹೊರಗೆ ಹೋದ್ರೆ ಬೀಗ ಹಾಕ್ಕೊಂಡು ಹೋಗ್ತಾನೆ. ಅದೂ ಒಂದು ಗಂಟೆಗಿಂತ ಹೆಚ್ಚು ಎಲ್ಲೂ ಇರಲ್ಲ."

ಸಂಜೆ ಅಣ್ಣನ ಫೋನು ಬಂತು. ದನಿ ಮೆತ್ತಗಿತ್ತು. "ಮೇಡಂ, ನನ್ನ ತಂಗಿಗೆ ಸೀಟಿಲ್ಲ ಅಂದ್ರಂತೆ. ನನ್ನ ಫೋನಲ್ಲಿ ಆರು ಕಾಣಿಸ್ತಿದೆ."

"ಅದು ಹಳೇದು ತೋರಿಸ್ತಿರುತ್ತೆ. ಒತ್ತಿ ನೋಡಿ, ಹೋಗಿಬಿಡುತ್ತೆ."

"ಒತ್ತಿದೆ. ಹೋಗ್ಲಿಲ್ಲ."

ಟಿಕೆಟ್ ಅಕ್ಕ ಏನೋ ಹೇಳಲು ಹೊರಟಳು. ಅವನು ಫೋನಿಟ್ಟುಬಿಟ್ಟಿದ್ದ.

ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಗಂಡಸು ಅಂಗಡಿಗೆ ಬಂದ. ಮೂವತ್ತು ವರ್ಷವಿರಬಹುದು. ಇಸ್ತ್ರಿ ಮಾಡಿದ ಅಂಗಿ, ಬಸ್ಸಿನ ಪ್ರಯಾಣಕ್ಕೆ ಕೆಂಪಾದ ಕಣ್ಣು, ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಒಳಗೆ ಆಗ ಬೇರೆ ಯಾರೂ ಇರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತ.

"ಎರಡು ಟಿಕೆಟ್ ಬೇಕಿತ್ತು. ನನಗೊಂದು, ನನ್ನ ತಂಗಿಗೊಂದು."

ದನಿಯಲ್ಲೇ ಅವಳಿಗೆ ಗೊತ್ತಾಯಿತು. ಅವಳ ಕೈ ಕೋಲಿನ ಕಡೆ ಹೋಯಿತು. ಅವನು ಅವಳಿಗಿಂತ ಮೊದಲು ಅದನ್ನು ಎತ್ತಿಕೊಂಡ, ಎದ್ದು ಹೋಗಿ ಷಟರನ್ನು ಕೆಳಗೆಳೆದ, ಒಳಗಿನ ಚಿಲಕವನ್ನು ಕಾಲಿನಿಂದ ಒತ್ತಿ ಕೂರಿಸಿದ. ಎಲ್ಲವನ್ನೂ ತನ್ನದೇ ಅಂಗಡಿಯೇನೋ ಎಂಬಂತೆ ಮಾಡಿದ.

"ಅವಳು ಎಲ್ಲಿದಾಳೆ?"

"ಕಾಲೇಜಲ್ಲಿರ್ತಾಳೆ. ನನಗೇನು ಗೊತ್ತು?"

ಅವನು ಅವಳ ಜಡೆ ಹಿಡಿದು ಮುಖವನ್ನು ಮೇಜಿಗೆ ಬಡಿದ. ಮೊದಲ ಪೆಟ್ಟಿಗೆ ನೋವಾಗಲಿಲ್ಲ, ಕಿವಿಯೊಳಗೆ ಗಂಟೆ ಹೊಡೆದಂತಾಯಿತು ಅಷ್ಟೆ. ಎರಡನೆಯದಕ್ಕೆ ಬಾಯಲ್ಲಿ ಏನೋ ಗಟ್ಟಿಯಾದದ್ದು ಬಿಡಿಯಾಗಿ ನಾಲಿಗೆಯ ಮೇಲೆ ಉರುಳಿತು. ಅವಳು ಅದನ್ನು ಉಗಿದಳು. ಹಲ್ಲು. ಅವನು ಏದುಸಿರು ಕೂಡ ಬಿಡುತ್ತಿರಲಿಲ್ಲ. ದಿನಾ ಮಾಡುವ ಕೆಲಸದ ಹಾಗೆ ಹೊಡೆಯುತ್ತಿದ್ದ.

"ಫೋನ್ ಮಾಡಿ. ಟಿಕೆಟ್ ಸಿಕ್ಕಿದೆ, ಬಂದು ತಗೊಂಡು ಹೋಗು ಅನ್ನಿ. ಸ್ಪೀಕರ್ ಹಾಕಿ."

ಅವಳು ಫೋನು ಹಚ್ಚಿದಳು. ಎರಡು ಸಲ ಗಂಟೆಯಾಗಿ "ಹೇಳಿ ಅಕ್ಕ" ಎಂಬ ದನಿ ಬಂತು. ಅವನು ಅವಳ ಬಲಗೈಯ ಮಣಿಕಟ್ಟಿನ ಮೇಲೆ ಕೋಲನ್ನು ಇಟ್ಟುಕೊಂಡು ನಿಂತಿದ್ದ. ಈಗ ಏನು ಹೇಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೂ ಹೇಳಿದಳು.

"ಮೆಣಸು, ನಿಮ್ಮಣ್ಣ ಇಲ್ಲಿದಾನೆ. ಹಾಸ್ಟೆಲ್ ಬಿಟ್ಟು ಬರ್ಬೇಡ."

ಕೋಲು ಬಿತ್ತು. ಒಣಗಿದ ಕೊಂಬೆ ಮುರಿದ ಹಾಗೆ ಸದ್ದಾಯಿತು. ಅವಳು ಆಗ ಕೂಗಿದ ಕೂಗು ಪಕ್ಕದ ಜೆರಾಕ್ಸ್ ಅಂಗಡಿಗೂ ಕೇಳಿತು, ತೆರೆದೇ ಇದ್ದ ಫೋನಿನ ಆ ಕಡೆಗೂ ಕೇಳಿತು.

ಜೆರಾಕ್ಸ್ ಅಂಗಡಿಯವರನ್ನು ಹುಡುಗರು ಕಾಪಿ ಮಾಮ ಎನ್ನುತ್ತಿದ್ದರು. ಅರವತ್ತು ದಾಟಿದ, ನೊಣ ಹೊಡೆಯುವ ಮೊದಲೂ ಎರಡು ಸಲ ಯೋಚಿಸುವ ಮನುಷ್ಯ. ಅವರು ಬಂದು ಷಟರಿಗೆ ಕೈಬಡಿದರು. ಒಳಗಿನಿಂದ ಇನ್ನೊಂದು ಕೂಗು ಕೇಳಿದಾಗ ಬೀದಿಯಲ್ಲಿದ್ದ ಹುಡುಗರನ್ನು ಕರೆದರು. ಐದಾರು ಜನ ಷಟರಿನ ಕೆಳಗೆ ಬೆರಳು ತೂರಿಸಿ ಒಟ್ಟಿಗೆ ಎತ್ತಿದರು. ಚಿಲಕ ಬಾಗಿತು, ಮೊಣಕಾಲಿನ ಎತ್ತರಕ್ಕೆ ಸಂದಿಯಾಯಿತು. ಕಾಪಿ ಮಾಮ ಮೊದಲು ತಲೆ ಬಗ್ಗಿಸಿ ಒಳಗೆ ನುಸುಳಿದರು. ಅಣ್ಣ ಸ್ಟೂಲನ್ನು ಎತ್ತಿ ಅವರ ಭುಜದ ಮೇಲೆ ಹಾಕಿದ. ಅವರು ಅಲ್ಲೇ ಕುಸಿದರು. ಇನ್ನೊಮ್ಮೆ ಎತ್ತಿದ, ಈ ಸಲ ತಲೆಗೆ ಗುರಿಯಿಟ್ಟು.

ಅಷ್ಟರಲ್ಲಿ ಮೆಣಸು ಬಂದಿದ್ದಳು. ಹಾಸ್ಟೆಲು ಹಿಂದಿನ ಬೀದಿಯಲ್ಲೇ. ಬರಬೇಡ ಎಂದಿದ್ದನ್ನು ಕೇಳಿಯೇ ಓಡಿ ಬಂದಿದ್ದಳು. ಬರುವಾಗ ಹಾಸ್ಟೆಲ್ ಗೇಟಿಗೆ ಅಡ್ಡ ಹಾಕುವ ಕಬ್ಬಿಣದ ಅಗಳಿಯನ್ನು ಕಿತ್ತುಕೊಂಡಿದ್ದಳು. ಹುಡುಗರ ಕಾಲುಗಳ ನಡುವೆಯೇ ಷಟರಿನಡಿ ತೂರಿ ಬಂದವಳು ಅಣ್ಣನ ಎಡ ಮೊಣಕಾಲಿಗೆ ಎರಡೂ ಕೈಯಿಂದ ಬೀಸಿದಳು. ಅವನು ಸ್ಟೂಲಿನ ಸಮೇತ ಬಿದ್ದ. ಬಿದ್ದವನು ಅವಳನ್ನು ನೋಡಿದ. ನೋವಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು ಆ ಮುಖದಲ್ಲಿ. ಅವಳು ಅದೇ ಮೊಣಕಾಲಿಗೆ ಮತ್ತೊಮ್ಮೆ ಹೊಡೆದಳು.

ಷಟರು ಪೂರ್ತಿ ಮೇಲೆ ಹೋಯಿತು. ಹುಡುಗರು ನುಗ್ಗಿದರು. ಬಿದ್ದವನು ಯಾರು, ಯಾಕೆ ಬಂದ, ಯಾರಿಗೂ ಗೊತ್ತಿರಲಿಲ್ಲ. ಟಿಕೆಟ್ ಅಕ್ಕನ ಮುಖ ನೋಡಿದರು, ಅಷ್ಟೇ ಸಾಕಾಯಿತು. ಶೂಗಳಿಂದ ಒದ್ದರು, ಬೆಲ್ಟು ಬಿಚ್ಚಿ ಬಾರಿಸಿದರು. ಸೋಮವಾರ ಇದೇ ಅಂಗಡಿಯಲ್ಲಿ ಹೊಡೆದಾಡಿಕೊಂಡಿದ್ದ ಆ ಇಬ್ಬರೂ ಅಕ್ಕಪಕ್ಕ ನಿಂತು ಸರದಿ ಪ್ರಕಾರ ಒದೆಯುತ್ತಿದ್ದರು. ಮೊದಮೊದಲು ಅವನು ಬೈಯುತ್ತಿದ್ದ, ಆಮೇಲೆ ಕೈಯಿಂದ ತಲೆ ಮುಚ್ಚಿಕೊಂಡ, ಆಮೇಲೆ ಕೈಗಳು ತಾವಾಗೇ ಸಡಿಲವಾದವು. ಒದೆತ ನಿಲ್ಲಲಿಲ್ಲ. ಹೀಗೆ ತುಳಿಯುತ್ತಿರುವವರಲ್ಲಿ ಅರ್ಧದಷ್ಟು ಮಂದಿಗೆ ಅಮ್ಮನ ಹತ್ತಿರ ಹೋಗುವುದಕ್ಕೆ ತಾನೇ ಟಿಕೆಟ್ ಮಾಡಿಕೊಟ್ಟಿದ್ದೇನೆ ಎಂಬುದು ಟಿಕೆಟ್ ಅಕ್ಕನಿಗೆ ಹೊಳೆಯಿತು. ಅವನನ್ನು ಕಂಡು ಆಗಿದ್ದಕ್ಕಿಂತ ಹೆಚ್ಚು ಹೆದರಿಕೆ ಅವಳಿಗೆ ಈಗ ಇವರನ್ನು ನೋಡಿ ಆಯಿತು.

ಗೋಡೆ ಹಿಡಿದು ಎದ್ದಳು. ಬಾಯಿ ಊದಿ ಮಾತು ಹೊರಡುತ್ತಿರಲಿಲ್ಲ. ಎಡಗೈಯಿಂದ ಹತ್ತಿರದವನ ಕೂದಲು ಹಿಡಿದೆಳೆದು ಕಿವಿಯ ಹತ್ತಿರ ಅಂದಳು, "ಇವನು ಸತ್ರೆ ನೀವ್ಯಾರೂ ಊರಿಗೆ ಹೋಗಲ್ಲ. ಎಲ್ಲರ ಟಿಕೆಟ್ಟೂ ರದ್ದು. ನೇರ ಜೈಲಿಗೆ."

ಅವನು ನಿಂತ. ಅವನನ್ನು ನೋಡಿ ಇನ್ನೊಬ್ಬ. ಕೊನೆಗೆ ಉಳಿದವಳು ಮೆಣಸು ಒಬ್ಬಳೇ. ಅಗಳಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

"ಸಾಕು ಮಗಾ."

"ಅಮ್ಮನ ಕೈಗೆ ಒಂದು ಬಾಕಿ ಇದೆ ಅಕ್ಕ."

"ಸಾಕು ಅಂದೆ. ನೋಡು, ಇವನು ಇಲ್ಲಿದಾನೆ. ಅಮ್ಮ ಎಲ್ಲಿದಾರೆ?"

"ಮನೇಲಿ."

"ಯಾರ ಜೊತೆ?"

"ಒಬ್ಳೇ. ಬೀಗ ಹಾಕಿ ಬಂದಿರ್ತಾನೆ" ಎಂದಳು ಮೆಣಸು. ಅಗಳಿ ಕೆಳಗಿಳಿಯಿತು.

ಟಿಕೆಟ್ ಅಕ್ಕ ಆಗಲೇ ಕುರ್ಚಿಗೆ ಹೋಗಿದ್ದಳು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಕಂಪ್ಯೂಟರ್ ಬೀಳದೆ ಉಳಿದಿತ್ತು. ರಜೆಯ ಮೊದಲ ದಿನಗಳಲ್ಲಿ ವಿಮಾನಗಳೆಲ್ಲ ಇಲ್ಲಿಂದ ಹುಡುಗರನ್ನು ತುಂಬಿಕೊಂಡು ಊರುಗಳಿಗೆ ಹೋಗುತ್ತವೆ. ಬರುವಾಗ ಬರುವವರು ಯಾರು? ಖಾಲಿ ಬರುತ್ತವೆ. ಆ ಖಾಲಿ ಸೀಟುಗಳನ್ನು ಕಂಪನಿಗಳು ಪುಕ್ಕಟೆಯೇನೋ ಎಂಬ ದರಕ್ಕೆ ಬಿಡುತ್ತವೆ. ಇಪ್ಪತ್ತು ವರ್ಷದಲ್ಲಿ ಒಬ್ಬರೂ ಅವಳ ಹತ್ತಿರ ಅಂಥ ಸೀಟು ಕೇಳಿರಲಿಲ್ಲ. ಎಡಗೈಯ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು. ಆ ಊರಿನಿಂದ ಈ ಊರಿಗೆ, ಇವತ್ತೇ, ಐದು ಹತ್ತಕ್ಕೆ ಒಂದು ವಿಮಾನವಿತ್ತು. ಬಾಯಿಂದ ರಕ್ತ ಕೀಬೋರ್ಡಿನ ಮೇಲೆ ಸುರಿಯುತ್ತಿತ್ತು. ತೋಳಿನಿಂದ ಒರೆಸಿಕೊಂಡು ಕೇಳಿದಳು.

"ಅಮ್ಮನ ಹೆಸರು ಗುರುತಿನ ಕಾರ್ಡಲ್ಲಿ ಹೇಗಿದೆಯೋ ಹಾಗೇ ಹೇಳು. ಕಾರ್ಡ್ ಎಲ್ಲಿದೆ?"

"ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದಾಳೆ. ಅವನು ಸುಟ್ಟು ಹಾಕ್ತಾನೆ ಅಂತ."

"ಪಕ್ಕದಲ್ಲಿ ನಂಬೋರು ಯಾರಿದಾರೆ?"

ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದರು. ಮೆಣಸು ಸ್ಪೀಕರ್ ಹಾಕಿ ಅವರಿಗೆ ಫೋನು ಮಾಡಿದಳು. ಅವರು ಮೊದಲು ಬೇಡ ಎಂದರು. ಅವನ ಸಹವಾಸ ನನಗೆ ಬೇಡಮ್ಮ, ನಾನೂ ಇದೇ ಬೀದಿಯಲ್ಲಿ ಬಾಳಬೇಕು ಎಂದರು. ಮೆಣಸು ಕಾಡಿ ಬೇಡಲಿಲ್ಲ. "ದಿನಾ ಗೋಡೆಗೆ ಕಿವಿ ಕೊಟ್ಟು ಕೇಳ್ತಿದ್ರಲ್ಲ ಅತ್ತೆ, ಇವತ್ತೊಂದಿನ ಎದ್ದು ಬನ್ನಿ" ಎಂದಳು. ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ಚಪ್ಪಲಿಯ ಸದ್ದು. ಆಮೇಲೆ ಲೋಹಕ್ಕೆ ಲೋಹ ಬಡಿಯುವ ಸದ್ದು. ಇಸ್ತ್ರಿ ಪೆಟ್ಟಿಗೆಯಿಂದ ಬೀಗಕ್ಕೆ ಹೊಡೆಯುತ್ತಿದ್ದರು. ಅಂಗಡಿಯಲ್ಲಿದ್ದವರೆಲ್ಲ ಪೆಟ್ಟು ಎಣಿಸುತ್ತ ಕೇಳಿದರು. ಎಂಟನೆಯ ಪೆಟ್ಟಿಗೆ ಬೀಗ ಹೋಯಿತು.

"ಬೇಡ, ಅವನು ಬರ್ತಾನೆ, ನಿನ್ನನ್ನೂ ಕೊಲ್ತಾನೆ" ಎಂದು ದೂರದಿಂದ ಅಮ್ಮನ ದನಿ ಬಂತು.

"ಬರಲ್ಲಮ್ಮ" ಎಂದು ಮೆಣಸು ಫೋನಿನೊಳಗೆ ಅಂದಳು. "ಅವನನ್ನ ಇಲ್ಲಿ ಹಿಡಿದು ಹಾಕಿದಾರೆ. ಡಬ್ಬಿಯಿಂದ ಕಾರ್ಡ್ ತಗೋ. ಬೇರೆ ಏನೂ ಬೇಡ. ಅತ್ತೆ ವಿಮಾನ ನಿಲ್ದಾಣಕ್ಕೆ ಕರ್ಕೊಂಡು ಹೋಗ್ತಾರೆ."

ಆಂಬುಲೆನ್ಸ್ ಬಂತು, ಅದರ ಹಿಂದೆಯೇ ಪೊಲೀಸರು ಬಂದರು. ಅವನು ಬದುಕಿದ್ದ. ಮೊಣಕಾಲು ಪುಡಿ, ಪಕ್ಕೆಲುಬು ನಾಲ್ಕು ಮುರಿದಿದ್ದವು, ಒಂದು ಕಣ್ಣು ಮುಚ್ಚಿಹೋಗಿತ್ತು. ಯಾರು ಹೊಡೆದಿದ್ದು ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಹುಡುಗರೆಲ್ಲ ತಮ್ಮ ತಮ್ಮ ಶೂ ನೋಡಿಕೊಂಡರು.

"ಕಾಲು ಮುರಿದಿದ್ದು ನಾನು" ಎಂದಳು ಮೆಣಸು.

ಟಿಕೆಟ್ ಅಕ್ಕ ಟಿಕೆಟ್ಟನ್ನು ದರ್ಜಿಯವರ ಫೋನಿಗೆ ಕಳಿಸಿ, ತಲುಪಿತು ಎಂದು ಅವರಿಂದ ಉತ್ತರ ಬರುವವರೆಗೂ ಆಂಬುಲೆನ್ಸ್ ಹತ್ತಲಿಲ್ಲ. ಆಮೇಲೆ ಹತ್ತಿದವಳು ಒಳಗೆ ಮೂರ್ಛೆ ಹೋದಳು.

ಸಂಜೆ ಏಳಕ್ಕೆ ವಿಮಾನ ಇಳಿಯಿತು. ಹೇಳಿಕೆ ಬರೆದುಕೊಂಡ ಇನ್ಸ್‌ಪೆಕ್ಟರ್, ಮೆಣಸಿನ ಜೊತೆ ಒಬ್ಬ ಮಹಿಳಾ ಪೇದೆಯನ್ನು ಕಳಿಸಿ ನಿಲ್ದಾಣಕ್ಕೆ ಹೋಗಲು ಬಿಟ್ಟಿದ್ದರು. ಟಿಕೆಟ್ ಅಕ್ಕ ಕೈಗೆ ಪಟ್ಟಿ, ಗಲ್ಲಕ್ಕೆ ಪಟ್ಟಿ ಕಟ್ಟಿಸಿಕೊಂಡು, ನರ್ಸಿನ ಬೈಗುಳ ತಿಂದು ತಾನೂ ಬಂದಿದ್ದಳು. ಹೊರಗೆ ಬಂದವರು ಹತ್ತೋ ಹನ್ನೊಂದೋ ಜನ. ಕೊನೆಯಲ್ಲಿ ಅಮ್ಮ. ಕೊರಳಿಗೆ ನೇತುಹಾಕಿದ ಬಲಗೈ, ಎಡಗೈಯಲ್ಲಿ ಪ್ಲಾಸ್ಟಿಕ್ ಚೀಲ. ಸೊಂಟದ ಬೆಲ್ಟು ಬಿಚ್ಚಲು ಬರದೆ ಎಲ್ಲರೂ ಇಳಿದ ಮೇಲೂ ಸೀಟಿನಲ್ಲೇ ಕೂತಿದ್ದರಂತೆ.

ಮಗಳನ್ನು ಅಪ್ಪಿಕೊಂಡರು. ಆಮೇಲೆ ಸ್ವಲ್ಪ ಹಿಂದೆ ಸರಿದು ಕೇಳಿದರು, "ಅವನಿಗೆ ಏನಾಗಿದೆ?"

"ಕಾಲು ಮುರಿದಿದೆ."

"ಯಾರು ಮುರಿದ್ರು?"

"ನಾನು."

ಅಮ್ಮ ಚೀಲ ಕೆಳಗಿಟ್ಟು ಎಡಗೈಯಿಂದ ಮಗಳ ಕೆನ್ನೆಗೆ ಬಾರಿಸಿದರು. ಸುತ್ತ ಇದ್ದವರು ತಿರುಗಿ ನೋಡಿದರು. "ಅವನಿಗೆ ನಿಮ್ಮಪ್ಪ ಕಲಿಸಿದ್ದು. ನಿನಗೆ ಯಾರು ಕಲಿಸಿದ್ರು?"

ಮೆಣಸಿನ ಕೈ ಮೇಲೆ ಹೋಯಿತು. ಟಿಕೆಟ್ ಅಕ್ಕ ಅದನ್ನು ನೋಡಿದಳು, ತಡೆಯಲು ಅವಳ ಎಡಗೈ ಎಟುಕಲಿಲ್ಲ. ಅಮ್ಮ ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ನಿಂತರು, ಪೆಟ್ಟು ಕಿವಿಯ ಮೇಲೆ ಬೀಳದ ಹಾಗೆ. ಎಷ್ಟೋ ವರ್ಷದ ರೂಢಿ ಅದು. ಮೆಣಸು ಎತ್ತಿದ ಕೈಯನ್ನು ನೋಡಿಕೊಂಡಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು, ಅಮ್ಮನ ಕಾಲಿನ ಹತ್ತಿರ, ಇಡೀ ದಿನ ಬರದಿದ್ದ ಅಳು ಆಗ ಬಂತು. ಅಮ್ಮನೂ ಕಷ್ಟಪಟ್ಟು ಪಕ್ಕದಲ್ಲಿ ಕೂತರು. ಕೆನ್ನೆ ಸವರಲು ಇದ್ದದ್ದು ಹೊಡೆದ ಕೈಯೇ, ಅದರಿಂದಲೇ ಸವರಿದರು.

ಮರುದಿನ ಬೆಳಿಗ್ಗೆ ಅಮ್ಮ ಮಗನನ್ನು ನೋಡಬೇಕೆಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಹೆತ್ತ ಹೊಟ್ಟೆ, ನಾವು ಏನು ಹೇಳುವುದು ಎಂದು ಟಿಕೆಟ್ ಅಕ್ಕನೇ ವಾರ್ಡಿನವರೆಗೆ ಜೊತೆಗೆ ಹೋದಳು. ಬಾಗಿಲಲ್ಲಿ ಪೇದೆ ಕೂತಿದ್ದ. ಮಗ ಹಾಸಿಗೆಯಲ್ಲಿ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿದ್ದ. ಅಮ್ಮನನ್ನು ಕಂಡಾಗ ತೆರೆದಿದ್ದ ಒಂದು ಕಣ್ಣು ದೊಡ್ಡದಾಯಿತು. ಅಮ್ಮ ಹತ್ತಿರ ಹೋಗಿ ಅವನ ಹಣೆಗೆ ಕೈ ಚಾಚಿದರು.

"ಬಾಗಿಲು ಯಾರು ತೆಗೆದಿದ್ದು?" ಎಂದ ಅವನು.

ಚಾಚಿದ ಕೈ ಅಲ್ಲೇ ನಿಂತಿತು. ಅಮ್ಮ ಅವನ ಮುಖವನ್ನೇ ನೋಡಿದರು. ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದರು. ಅವನು ಮತ್ತೆ ಅದನ್ನೇ ಕೇಳಿದ, ಈ ಸಲ ಹಲ್ಲು ಕಚ್ಚಿ. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ವಾರ್ಡಿನಿಂದ ಹೊರಗೆ ಬಂದರು. ಮೆಟ್ಟಿಲಿಳಿಯುವಾಗ ಟಿಕೆಟ್ ಅಕ್ಕನನ್ನು ಕೇಳಿದರು, "ಪೊಲೀಸ್ ಸ್ಟೇಷನ್ ಇಲ್ಲಿಂದ ದೂರನಾ?"

ಇನ್ಸ್‌ಪೆಕ್ಟರ್ ಕುರ್ಚಿ ಹಾಕಿಸಿ, ಮೊದಲು ಯಾವಾಗ ಹೊಡೆದ ಹೇಳಿ ಎಂದರು. ಅಮ್ಮ ಹೇಳತೊಡಗಿದರು. ಮಧ್ಯಾಹ್ನದ ಊಟದ ಹೊತ್ತು ದಾಟಿತು, ಬರೆದುಕೊಳ್ಳುತ್ತಿದ್ದ ಪೇದೆ ಎರಡು ಸಲ ಪೆನ್ನು ಬದಲಿಸಿದ, ಅವರು ಇನ್ನೂ ಮಗನ ಹತ್ತೊಂಬತ್ತನೆಯ ವರ್ಷದಲ್ಲೇ ಇದ್ದರು.

ಅವನಿಗೆ ಮೂರು ವರ್ಷ ಶಿಕ್ಷೆಯಾಯಿತು. ಮೆಣಸಿನ ಮೇಲೂ ಕೇಸಾಗಿ ಆಮೇಲೆ ಬಿದ್ದುಹೋಯಿತು, ಆದರೆ ಕಾಲೇಜು ಅವಳನ್ನು ಎರಡು ತಿಂಗಳು ಹೊರಗಿಟ್ಟಿತು. ಒದ್ದ ಹುಡುಗರಲ್ಲಿ ಇಬ್ಬರು ತಾವಾಗೇ ಸ್ಟೇಷನ್ನಿಗೆ ಹೋಗಿ ಹೆಸರು ಬರೆಸಿದರು, ಉಳಿದವರು ಊರಿಗೆ ಹೋದರು. ಕಾಪಿ ಮಾಮನ ಭುಜ ಪೂರ್ತಿ ಸರಿಹೋಗಲಿಲ್ಲ. ಕೈ ಗುಣವಾದ ಮೇಲೆ ಅಮ್ಮ ಅವರ ಅಂಗಡಿಯಲ್ಲಿ ಪ್ರಾಜೆಕ್ಟ್ ವರದಿಗಳಿಗೆ ಬೈಂಡಿಂಗ್ ಮಾಡುವ ಕೆಲಸಕ್ಕೆ ಸೇರಿಕೊಂಡರು. ಬೀದಿಯಲ್ಲಿ ಯಾರಾದರೂ ಜೋರಾಗಿ ಷಟರು ಎಳೆದರೆ ಈಗಲೂ ಅವರ ಮುಖ ತಾನಾಗೇ ಎಡಕ್ಕೆ ತಿರುಗುತ್ತದೆ. ಆಮೇಲೆ ನಕ್ಕು, ಸೂಜಿಗೆ ದಾರ ಪೋಣಿಸುತ್ತಾರೆ.